ಉಂಟು ಅಂದರೆ ಎಲ್ಲಿ ಉಂಟು?

ಕಳೆದ ತಿಂಗಳು ನಮ್ಮ ಕಂಪೆನಿಯ ಬೀಳ್ಕೊಡುಗೆ ಸಮಾರಂಭದಲ್ಲಿ ನಿವೃತ್ತರಾಗುತ್ತಿದ್ದ ನಮ್ಮ ಮೇಡಂ ಬಗ್ಗೆ ಐದು ಮಂದಿ ಮಾತಾಡಿದರು. ಐದು ಮಂದಿಯೂ ಸುಳ್ಳು ಹೇಳಿದರು. ಒಬ್ಬರು ಅವರನ್ನು ಮೃದು ಸ್ವಭಾವದವರು ಎಂದರು. ಇನ್ನೊಬ್ಬರು ಎಲ್ಲರ ಜೊತೆ ಹೊಂದಿಕೊಂಡು ಹೋಗುವವರು ಎಂದರು. ಮೂರನೆಯವರು ‘ತಾಯಿ ಹೃದಯ’ ಎಂದು ಶುರುಮಾಡಿದಾಗ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ಹಲ್ಲು ಕಚ್ಚಿದೆ. ಇಡೀ ಜೀವಮಾನ ಖರೀದಿ ವಿಭಾಗದಲ್ಲಿ ದುಡಿದ ಹೆಂಗಸನ್ನು ಹೊಗಳಲು ಈ ಜನರಿಗೆ ಖರೀದಿಯ ಬಗ್ಗೆ ಒಂದು ವಾಕ್ಯವೂ ಸಿಗಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಶ್ರದ್ಧಾಂಜಲಿ ಅಲ್ಲ. ಅವರು ಪಡೀಲಿನ ತಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ, ಇದನ್ನು ಓದಿದರೆ ಖಂಡಿತ ತಪ್ಪು ಹುಡುಕುತ್ತಾರೆ. ಇದನ್ನು ತಕರಾರು ಅರ್ಜಿ ಎಂದುಕೊಳ್ಳಿ. ಹೆಸರು ಹಾಕುವುದಿಲ್ಲ. ಕೇಳಿದ್ದಕ್ಕೆ ಅವರೇ ಬೇಡ ಎಂದರು. “ಹೆಸರು ಎಂತಕ್ಕೆ ಮಾರಾಯ್ತಿ? ಹಾಕಿದ್ರೆ ನಾಳೆಯಿಂದ ಪುನಃ ಸಪ್ಲೈಯರ್‌ಗಳ ಫೋನು ಸುರು.”

ನಮ್ಮದು ಮೀನುಗಾರಿಕೆಯ ದೋಣಿ ಕಟ್ಟುವ ಯಾರ್ಡು. ಮಂಗಳೂರಿನಲ್ಲಿ, ನದಿಯ ದಂಡೆಯಲ್ಲಿ ಎರಡು ದೊಡ್ಡ ಶೆಡ್ಡು, ಒಂದು ಸ್ಟೋರು, ಒಂದು ಆಫೀಸು. ಒಂದು ದೋಣಿ ನೀರಿಗಿಳಿಯಬೇಕಾದರೆ ಹಗ್ಗದಿಂದ ಹಿಡಿದು ಎಂಜಿನ್‌ವರೆಗೆ ನೂರೆಂಟು ಸಾಮಾನು ಬೇಕು. ಅದನ್ನೆಲ್ಲ ಯಾರಿಂದ, ಯಾವಾಗ, ಎಂಥದ್ದು ತರಿಸಬೇಕೆಂದು ನೋಡುವುದು ಖರೀದಿ ವಿಭಾಗದ ಕೆಲಸ. ಎಂ.ಕಾಂ. ಮುಗಿಸಿ ನಾನು ಅಲ್ಲಿಗೆ ಸೇರುವಾಗ ತೊಕ್ಕೊಟ್ಟಿನ ನಮ್ಮ ಮನೆಯಲ್ಲಿ ಯಾರಿಗೂ ಅದೊಂದು ಉದ್ಯೋಗ ಅನ್ನಿಸಿರಲಿಲ್ಲ. ಗಲ್ಫಿನಲ್ಲಿದ್ದು ಬಂದ ಮಾವ ನಕ್ಕೇ ಬಿಟ್ಟರು. “ಪರ್ಚೇಸಾ? ಅಂಗಡಿಗೆ ಹೋಗಿ ಬರುವ ಕೆಲ್ಸ ಅಲ್ವಾ ಅದು? ಅದಕ್ಕೆ ಎಂ.ಕಾಂ. ಎಂತಕ್ಕೆ?”

ಮೊದಲ ದಿನವೇ ನಾನು ಪೆದ್ದುಪೆದ್ದಾಗಿ ಇದನ್ನು ಮೇಡಂಗೆ ಹೇಳಿದೆ. ಅವರು ಆಗ ಪರ್ಚೇಸ್ ಆಫೀಸರ್. ಹತ್ತಿಯ ಸೀರೆ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಮೇಜಿನ ಮೇಲೆ ಮೂರು ಬಣ್ಣದ ಪೆನ್ನು. ತಲೆ ಎತ್ತದೆಯೇ ಹೇಳಿದರು: “ನಿನ್ನ ಮಾವನಿಗೆ ಹೇಳು. ಅಂಗಡಿಗೆ ಹೋಗ್ಲಿಕ್ಕೆ ಎಲ್ರಿಗೂ ಬರ್ತದೆ. ಮಾಲು ಸರಿ ಇಲ್ಲ ಅಂತ ಬರಿಗೈಯಲ್ಲಿ ವಾಪಸ್ ಬರ್ಲಿಕ್ಕೆ ನಮ್ಗೆ ಮಾತ್ರ ಬರುವುದು.”

ಅವರು ಆ ವಿಭಾಗಕ್ಕೆ ಬಂದದ್ದು ಟೈಪಿಸ್ಟ್ ಆಗಿ. ಆಗಿನ ಗಂಡಸರು ಕಾಣದ ಸಾಮಾನಿಗೆ ಆರ್ಡರ್ ಬರೆಯುತ್ತಿದ್ದರು, ಇವರು ಅದನ್ನು ಟೈಪ್ ಮಾಡುತ್ತಿದ್ದರು. ಟೈಪ್ ಮಾಡಿದ ಪ್ರತಿಯೊಂದನ್ನೂ ಊಟದ ವಿರಾಮದಲ್ಲಿ ಸ್ಟೋರಿಗೆ ಹೋಗಿ ಮುಟ್ಟಿ ನೋಡುತ್ತಿದ್ದರಂತೆ. ಹೀಗೆ ಮುಟ್ಟಿ ಮುಟ್ಟಿಯೇ ಕಲಿತದ್ದು. ಮುಂದೆ ಅಸಿಸ್ಟೆಂಟ್ ಆಗಿ, ಬೈಕಂಪಾಡಿಯ ಫೌಂಡ್ರಿಗಳಿಗೂ ಬಂದರಿನ ಹಾರ್ಡ್‌ವೇರ್ ಅಂಗಡಿಗಳಿಗೂ ಒಬ್ಬರೇ ಬಸ್ಸಿನಲ್ಲಿ ಓಡಾಡಲು ಶುರುಮಾಡಿದಾಗ ಊರಿನಿಂದ ಅವರ ಸೋದರಮಾವ ಬಂದರು. ಗುತ್ತಿನ ಮನೆ, ಅಂದರೆ ಊರಿನ ಹಳೆಯ ಜಮೀನ್ದಾರರ ಮನೆ; ಅಲ್ಲಿ ಮಾವನ ಮಾತೇ ಕೊನೆಯ ಮಾತು. “ನಮ್ಮ ಮನೆಯ ಹೆಣ್ಣು ಅಂಗಡಿ ಅಂಗಡಿ ಹತ್ತಿ ರೇಟು ಕೇಳುವುದಾ?”

“ಹೌದು ಮಾವ. ಮೊದ್ಲು ಎಲ್ರೂ ನಮ್ಮ ಚಾವಡಿಗೆ ತಂದು ಇಡ್ತಿದ್ರು, ನಾವು ನೋಡದೆ ತಗೊಳ್ತಿದ್ದೆವು. ಈಗ ನಾನು ನೋಡಿ ತಗೊಳ್ತೇನೆ.”

ಮಾವ ಆಮೇಲೆ ಒಂದು ವರ್ಷ ಮಾತಾಡಲಿಲ್ಲವಂತೆ. “ಒಳ್ಳೇದೇ ಆಯ್ತು, ಆ ವರ್ಷ ತುಂಬ ಕೆಲ್ಸ ಇತ್ತು” ಎನ್ನುತ್ತಿದ್ದರು.

ಇನ್ನು ಆ ‘ಉಂಟು’ ಎಂಬ ಶಬ್ದದ ವಿಷಯ. ಮಂಗಳೂರಿನ ಕನ್ನಡದಲ್ಲಿ ಇಷ್ಟು ಉಪಕಾರಿಯಾದ, ಇಷ್ಟು ಮೋಸದ ಶಬ್ದ ಬೇರೆ ಇಲ್ಲ. ಅಂಗಡಿಯವನ ಕೈಯಲ್ಲಿ ಇದ್ದರೂ ಉಂಟು, ಮುಂದೆ ಎಂದೋ ಬರುವುದಿದ್ದರೂ ಉಂಟು. ‘ಬರ್ಲಿಕ್ಕೆ ಉಂಟು’ ಎನ್ನುವುದರಲ್ಲಿ ಮೊದಲರ್ಧ ನುಂಗಿದರೆ ‘ಉಂಟು’ ಮಾತ್ರ ಉಳಿಯುತ್ತದೆ. ನಾನು ಸೇರಿ ಮೂರು ತಿಂಗಳಾಗಿತ್ತು. ಫೈಬರ್ ದೋಣಿಯ ಮೈ ಕಟ್ಟಲು ರೆಸಿನ್ ಬೇಕಿತ್ತು. ಅಂಟಿನಂಥ ದ್ರವ ಅದು, ಡ್ರಮ್ಮಿನಲ್ಲಿ ಬರುತ್ತದೆ. ಪದರದ ಮೇಲೆ ಪದರ ಹಚ್ಚಲು ಶುರುಮಾಡಿದರೆ ಅರ್ಧದಲ್ಲಿ ನಿಲ್ಲಿಸುವಂತಿಲ್ಲ. ನಾನು ಫೋನ್ ಮಾಡಿ ಕೇಳಿದೆ. “ಉಂಟು ಉಂಟು ಮೇಡಂ” ಎಂದ ಸಪ್ಲೈಯರ್. ನಾನು ಶೆಡ್ಡಿಗೆ ಹೋಗಿ “ಉಂಟಂತೆ” ಎಂದೆ. ಅಲ್ಲಿಯ ಕೆಲಸಗಾರರು ಹಚ್ಚಲು ಶುರುಮಾಡಿದರು. ಮಧ್ಯಾಹ್ನ ಇದ್ದ ಡ್ರಮ್ಮೆಲ್ಲ ಖಾಲಿ. ಪುನಃ ಫೋನ್ ಮಾಡಿದರೆ ಅದೇ ಮನುಷ್ಯ, ಅದೇ ಸಮಾಧಾನದ ಧ್ವನಿ: “ಉಂಟಲ್ಲ ಮೇಡಂ, ಮುಂಬಯಿಯಲ್ಲಿ ಲೋಡ್ ಆಗ್ಲಿಕ್ಕೆ ಉಂಟು.”

ಓಡಿಹೋಗಿ ಮೇಡಂಗೆ ಹೇಳಿದೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ನಮ್ಮ ಪ್ರತಿಸ್ಪರ್ಧಿ ಯಾರ್ಡಿಗೆ ಸ್ವತಃ ರಿಕ್ಷಾದಲ್ಲಿ ಹೋಗಿ, ಅಲ್ಲಿಯ ಸ್ಟೋರಿನವರನ್ನು ಒಪ್ಪಿಸಿ, ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ನಾಲ್ಕು ಡ್ರಮ್ ತಂದರು. ದೋಣಿ ಉಳಿಯಿತು. ಮರುದಿನ ಬೆಳಿಗ್ಗೆ ನನ್ನನ್ನು ಎದುರು ಕೂರಿಸಿ ಹೇಳಿದರು: “ಉಂಟು ಅಂತ ಹೇಳಿದ್ರೆ ಎಲ್ಲಿ ಉಂಟು ಅಂತ ಕೇಳ್ಬೇಕು. ಗೋಡೌನಲ್ಲಿ ಉಂಟಾ, ಲಾರಿಯಲ್ಲಿ ಉಂಟಾ, ಅವನ ಬಾಯಲ್ಲಿ ಉಂಟಾ? ಗೋಡೌನಲ್ಲಿ ಅಂದ್ರೆ ಹೋಗಿ ಮುಟ್ಟಿ ಬಾ. ನಮ್ಮ ಕೆಲ್ಸ ಅಷ್ಟೇ.”

ಆಮೇಲೆ ಗಮನಿಸಿದೆ, ಅವರು ಯಾರನ್ನೂ ಬಿಡುತ್ತಿರಲಿಲ್ಲ. ಮೀಟಿಂಗಿನಲ್ಲಿ ಕಂಪೆನಿಯ ಧಣಿಗಳು “ಈ ವರ್ಷ ಒಳ್ಳೆಯ ಅವಕಾಶ ಉಂಟು” ಎಂದರೆ “ಎಲ್ಲಿ ಉಂಟು ಸರ್?” ನನಗೆ ಬಂದ ಸಂಬಂಧದ ಹುಡುಗನಿಗೆ ದುಬೈಯಲ್ಲಿ ಕೆಲಸ ಉಂಟು ಎಂದು ನಾನು ಹೇಳಿದರೆ “ದುಬೈ ಉಂಟು, ಕೆಲ್ಸ ಎಲ್ಲಿ ಉಂಟು ಅಂತ ವಿಚಾರಿಸು.” ವಿಚಾರಿಸಿದೆವು. ಇರಲಿಲ್ಲ. ತುಳು ಮಾತಾಡುವ ಸಪ್ಲೈಯರ್‌ಗಳು ಬೆನ್ನ ಹಿಂದೆ ಅವರನ್ನು ‘ಓಲುಂಡು ಅಕ್ಕ’ ಎನ್ನುತ್ತಿದ್ದರು, ‘ಎಲ್ಲಿದೆ ಅಕ್ಕ’ ಎಂದು. ಅವರಿಗೆ ಅದು ಗೊತ್ತಿತ್ತು. ಒಂದು ದೀಪಾವಳಿಗೆ ಆ ಜನ ಕಳುಹಿಸಿದ ಸಿಹಿತಿಂಡಿಯ ಪೆಟ್ಟಿಗೆಗಳ ಮೇಲೆಲ್ಲ ‘ಸ್ಯಾಂಪಲ್’ ಎಂದು ಬರೆಸಿ ಗೇಟಿನ ಸೆಕ್ಯೂರಿಟಿ ಮೇಜಿನ ಮೇಲೆ ಸಾಲಾಗಿ ಇಡಿಸಿದ್ದರಂತೆ. ಕಳುಹಿಸಿದವರ ಹೆಸರು ಹೊರಗೆ ಕಾಣುವ ಹಾಗೆ. ಮರುವರ್ಷದಿಂದ ಪೆಟ್ಟಿಗೆ ಬರುವುದೇ ನಿಂತಿತಂತೆ.

ವಿಭಾಗಕ್ಕೆ ಹೊಸದಾಗಿ ಸೇರಿದ ಯಾರನ್ನೇ ಆಗಲಿ ಅವರು ಫೆರಿಯಲ್ಲಿ ನದಿಯಾಚೆಯ ಮೀನುಗಾರರ ಊರು ಬೆಂಗ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ನನ್ನನ್ನೂ ಕರೆದೊಯ್ದರು. ನಮ್ಮ ಯಾರ್ಡಿನಿಂದ ದೋಣಿ ಕಟ್ಟಿಸಿಕೊಂಡ ಒಬ್ಬ ವಯಸ್ಸಾದ ಮಾಲೀಕರು ಅಲ್ಲಿ ಬಲೆ ಸರಿಪಡಿಸುತ್ತ ಕೂತಿದ್ದರು. ಇವರು “ಸ್ವಲ್ಪ ಇವಳಿಗೆ ಕೆಳಗೆ ತೋರಿಸಿ” ಎಂದಾಗ ಅವರು ದೋಣಿಯ ಎಂಜಿನ್ ಕೋಣೆಯ ಹಲಗೆ ಎತ್ತಿ, ತಳದಲ್ಲಿದ್ದ ಅಂಗೈಯಗಲದ ಒಂದು ವಾಲ್ವ್ ತೋರಿಸಿದರು. ಎಂಜಿನ್ ತಣ್ಣಗಾಗಲು ಕಡಲ ನೀರನ್ನು ಒಳಗೆ ಬಿಡುವ ವಾಲ್ವ್ ಅದು.

“ನೋಡಿ ಮೇಡಂ, ಇದರ ಆಚೆ ಕಡಲು ಉಂಟು” ಎಂದರು ಅವರು. “ಈಚೆ ನನ್ನ ಇಬ್ರು ಮಕ್ಳು ಇದ್ದಾರೆ. ನಡುವೆ ನೀವು ತಂದುಕೊಟ್ಟ ಇದೊಂದೇ.”

ವಾಪಸ್ ಬರುವಾಗ ಫೆರಿಯಲ್ಲಿ ನಮ್ಮ ಮೇಡಂ ವ್ಯಾನಿಟಿ ಬ್ಯಾಗಿನಿಂದ ಗೇಣುದ್ದದ ಒಂದು ಅರ ತೆಗೆದು ತೋರಿಸಿದರು, ಕಬ್ಬಿಣ ಉಜ್ಜುವ ಅರ. ಬಾಚಣಿಗೆ, ಬಸ್ ಪಾಸ್, ಅರ, ಇವಿಷ್ಟು ಆ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿದ್ದವು. ಕಡಲ ನೀರಿಗೆ ತಾಗುವ ವಾಲ್ವ್ ಗನ್‌ಮೆಟಲ್‌ನದ್ದೇ ಆಗಬೇಕು, ಅಂದರೆ ಒಂದು ಜಾತಿಯ ಕಂಚು. ಹಿತ್ತಾಳೆಯದ್ದಾದರೆ ಉಪ್ಪು ನೀರು ಅದರೊಳಗಿನ ಸತುವನ್ನು ಮೆಲ್ಲಗೆ ತಿಂದುಬಿಡುತ್ತದೆ. ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಒಂದು ದಿನ ಬಿಸ್ಕತ್ತು ಮುರಿದ ಹಾಗೆ ಮುರಿಯುತ್ತದೆ. ಬಣ್ಣ ಬಳಿದು ತಂದರೆ ಎರಡೂ ಒಂದೇ. ಮೂಲೆಯಲ್ಲಿ ಅರದಿಂದ ಒಮ್ಮೆ ಉಜ್ಜಿದರೆ ಗನ್‌ಮೆಟಲ್ ಕೆಂಪಗೆ, ಹಿತ್ತಾಳೆ ಹಳದಿ.

ಅವರಿಗೆ ಬೇಕಾದದ್ದು ಒಂದೇ ಇತ್ತು, ಅದನ್ನು ಮುಚ್ಚಿಟ್ಟವರೂ ಅಲ್ಲ. ನಮ್ಮ ವಿಭಾಗದ ಮೂಲೆಯಲ್ಲಿ ಮ್ಯಾನೇಜರರ ಗಾಜಿನ ಕೋಣೆ ಇದೆ. ಅದಕ್ಕೆ ಯಾವಾಗಲೂ ಹೊರಗಿನಿಂದ ಒಬ್ಬ ಗಂಡಸು ಬರುತ್ತಿದ್ದ, ಇವರಿಂದ ಕೆಲಸ ಕಲಿಯುತ್ತಿದ್ದ, ಬೇರೆ ಕಂಪೆನಿಗೆ ಹಾರುತ್ತಿದ್ದ. ಮೂವರಿಗೆ ಹೀಗೆ ಕಲಿಸಿದ್ದರು. “ನನಗೆ ಆ ಕುರ್ಚಿ ಬೇಕು” ಎಂದು ಎಲ್ಲರೆದುರು ಹೇಳುತ್ತಿದ್ದರು. “ಬೇಡ ಅಂದ್ರೆ ಸುಳ್ಳಾಗ್ತದೆ. ನಾನು ದುಡಿದಿದ್ದೇನೆ, ನನಗೆ ಬೇಕು.” ಹೆಂಗಸರು ಹೀಗೆ ಕೇಳಬಾರದು ಎಂಬುದು ಆಫೀಸಿನ ಅಭಿಪ್ರಾಯವಾಗಿತ್ತು. ನನಗಂತೂ ಅದಕ್ಕಿಂತ ಚೆಂದದ ಮಾತು ಆ ಕಟ್ಟಡದಲ್ಲಿ ಕೇಳಿದ ನೆನಪಿಲ್ಲ.

ಕೊನೆಗೆ ಆ ಕುರ್ಚಿ ಕೈಗೆ ಬರುವ ವಾರವೇ ವಾಲ್ವುಗಳು ಬಂದವು.

ಆಗ ಹೊಸ ಜನರಲ್ ಮ್ಯಾನೇಜರ್ ಬಂದಿದ್ದರು. ತಮ್ಮ ಪರಿಚಯದ ಒಬ್ಬನಿಂದ ವಾಲ್ವ್ ತರಿಸಬೇಕೆಂದು ಅವರೇ ಹೇಳಿ ತರಿಸಿದ್ದು. ಬೂದು ಬಣ್ಣ ಬಳಿದ ಮೂವತ್ತಾರು ವಾಲ್ವ್, ಜೊತೆಗೆ ಹೊಳೆಯುವ ಕಾಗದದಲ್ಲಿ ಟೆಸ್ಟ್ ಸರ್ಟಿಫಿಕೇಟ್. ಇವರು ಸ್ಟೋರಿಗೆ ಹೋಗಿ ಅರ ತೆಗೆದು ಒಂದರ ಮೂಲೆ ಉಜ್ಜಿದರು. ಹಳದಿ. ಇನ್ನೊಂದು ಉಜ್ಜಿದರು. ಹಳದಿ. ‘ರಿಜೆಕ್ಟೆಡ್’ ಸೀಲು ಒತ್ತಿ ತಮ್ಮ ಸಹಿ ಹಾಕಿ ಫಾರ್ಮನ್ನು ನನ್ನ ಮೇಜಿಗಿಟ್ಟರು. ಬಂದ ಮಾಲನ್ನು ಒಪ್ಪಿಕೊಳ್ಳಲು ಖರೀದಿ ವಿಭಾಗದ ಒಬ್ಬರ ಸಹಿ ಸಾಕು, ತಿರಸ್ಕರಿಸಲು ಇಬ್ಬರದ್ದು ಬೇಕು. ಇದು ನಮ್ಮ ಕಂಪೆನಿಯ ನಿಯಮ, ಯಾವ ಪುಣ್ಯಾತ್ಮ ಮಾಡಿದ್ದೋ.

ನಾನು ಪೆನ್ನು ಎತ್ತುವ ಮೊದಲೇ ಜನರಲ್ ಮ್ಯಾನೇಜರ್ ಬಂದು ಮೇಜಿನೆದುರು ನಿಂತರು. “ಎಂತ ಮೇಡಂ ಇದು? ಸರ್ಟಿಫಿಕೇಟ್ ಉಂಟಲ್ಲ?”

“ಸರ್ಟಿಫಿಕೇಟ್ ಉಂಟು ಸರ್. ಗನ್‌ಮೆಟಲ್ ಎಲ್ಲಿ ಉಂಟು?”

ಅವರು ದನಿ ತಗ್ಗಿಸಿದರು. “ನಿಮ್ಮ ಮ್ಯಾನೇಜರ್ ಆರ್ಡರ್ ಟೈಪ್ ಆಗಿ ನನ್ನ ಟೇಬಲ್ ಮೇಲೆ ಉಂಟು. ನನ್ನ ಸಹಿ ಒಂದು ಬಾಕಿ. ನೀವು ಇದಕ್ಕೊಂದು ಹಾಕಿ, ನಾನು ಅದಕ್ಕೊಂದು ಹಾಕ್ತೇನೆ.”

“ನನ್ನದು ನಿಮ್ಗೆ ಸಿಗ್ಲಿಕ್ಕಿಲ್ಲ ಸರ್.”

ಅವರು ನನ್ನ ಕಡೆ ತಿರುಗಿದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. “ನಿಮ್ಮ ಸಹಿ ಒಂದೇ ಸಾಕು, ಇಲ್ಲಿ ಹಾಕಿ” ಎಂದು ಮಾಲು ಒಪ್ಪಿಕೊಳ್ಳುವ ಹೊಸ ಫಾರ್ಮ್ ಚಾಚಿದರು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಬೆಂಗ್ರೆಯ ಆ ಮುದುಕರ ಮುಖ ನನಗೆ ನೆನಪಾಗಿತ್ತು, ಆದರೂ ಬರೆದೆ. ನಾನು ಹೆದರಿದ್ದೆ. ಅದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಜನರಲ್ ಮ್ಯಾನೇಜರ್ ಹೋದ ಮೇಲೆ ಅವರು ಆ ಫಾರ್ಮನ್ನು ಎತ್ತಿ, ಕನ್ನಡಕ ಏರಿಸಿ ನನ್ನ ಸಹಿ ನೋಡಿದರು. “ಸಹಿ ಉಂಟು” ಎಂದರು. “ನೀನು ಎಲ್ಲಿ ಇದ್ದಿ?”

ಅಷ್ಟು ಹೇಳಿ ಬ್ಯಾಗು ಹೆಗಲಿಗೇರಿಸಿ ಸ್ಟೋರಿಗೆ ಹೋದರು. ಮಧ್ಯಾಹ್ನ ಎರಡಕ್ಕೆ ವಾಲ್ವುಗಳನ್ನು ಶೆಡ್ಡಿಗೆ ಒಯ್ಯುವುದಿತ್ತು. ಎಲ್ಲರೂ ಊಟಕ್ಕೆ ಹೋಗಿದ್ದ ಆ ಹೊತ್ತಿನಲ್ಲಿ ಸ್ಟೋರಿನ ಒಳಗಿನಿಂದ ಕರ್ರ್ ಕರ್ರ್ ಎಂದು ಸದ್ದು. ಹೋಗಿ ನೋಡಿದರೆ ಅವರು ಸ್ಟೂಲಿನ ಮೇಲೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ವಾಲ್ವ್ ಮೊಣಕಾಲಿಗೆ ಆನಿಸಿ ಅರದಿಂದ ಉಜ್ಜುತ್ತಿದ್ದರು. ಈ ಸಲ ಮೂಲೆಯಲ್ಲಿ ಅಲ್ಲ. ದೋಣಿಯ ತಳಕ್ಕೆ ಕೂರುವ ನಯವಾದ ಮುಖದ ಮೇಲೇ ಆಳವಾಗಿ ಗೀರುತ್ತಿದ್ದರು. ಹಾಗೆ ಗೀರಿದ ವಾಲ್ವನ್ನು ಯಾವ ಫಿಟ್ಟರನೂ ಜೋಡಿಸುವಂತಿಲ್ಲ, ನೀರು ಒಸರುತ್ತದೆ. ಕಂಪೆನಿ ಒಪ್ಪಿಕೊಂಡ ಮಾಲು ಅದು. ಹಾಳುಮಾಡಿದರೆ ಕೆಲಸದಿಂದ ತೆಗೆಯಬಹುದು. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಸ್ಟೋರಿನ ಗೋಡೆಯಲ್ಲಿ ಇನ್ನೊಂದು ಅರ ತೂಗುತ್ತಿತ್ತು. ತೆಗೆದುಕೊಂಡು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವರು ನನ್ನ ಅರದ ಕಡೆ ನೋಡಿದರು. “ಮುಂದೆ ತಳ್ಳುವಾಗ ಮಾತ್ರ ಒತ್ತು, ಹಿಂದೆ ಎಳೆಯುವಾಗ ಬೇಡ” ಎಂದರು. ಎರಡು ಗಂಟೆಗೆ ಮೂವತ್ತಾರೂ ವಾಲ್ವುಗಳನ್ನು ಹಾಜರಿ ಪುಸ್ತಕ ಇಡುವ ಜಗಲಿಯ ಮೇಲೆ ಸಾಲಾಗಿ ಜೋಡಿಸಿದೆವು, ಹಳದಿ ಗೀರು ಮೇಲಾಗಿ.

ಜನರಲ್ ಮ್ಯಾನೇಜರ್ ಕೆಂಡಾಮಂಡಲವಾದರು. “ಇದು ಕಂಪೆನಿಯ ಮಾಲು! ಗೊತ್ತುಂಟಾ ನಿಮ್ಗೆ?”

“ಕಂಪೆನಿಯದ್ದೇ ಅಲ್ವಾ ಸರ್? ಹಾಗಾದ್ರೆ ಕಂಪೆನಿಯವರೆಲ್ಲ ನೋಡ್ಲಿ, ಬಣ್ಣ ಎಂತ ಅಂತ.”

ಎಲ್ಲರೂ ನೋಡಿದರು. ವೆಲ್ಡರುಗಳು ನೋಡಿದರು, ಫಿಟ್ಟರುಗಳು ನೋಡಿದರು, ದೋಣಿ ಕಟ್ಟಿಸುತ್ತಿದ್ದ ಇಬ್ಬರು ಮಾಲೀಕರೂ ಬಂದು ನೋಡಿದರು. ಆ ವಾಲ್ವುಗಳು ಯಾವ ದೋಣಿಗೂ ಏರಲಿಲ್ಲ. ಮೇಡಂ ಅವರನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ; ತೆಗೆದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಟೈಪ್ ಆಗಿದ್ದ ಆರ್ಡರ್ ಮಾತ್ರ ಆ ಮೇಜಿನಿಂದ ಮಾಯವಾಯಿತು. ಗಾಜಿನ ಕೋಣೆಗೆ ಇನ್ನೊಬ್ಬ ಗಂಡಸು ಬಂದ. ಒಪ್ಪಿಗೆ ಫಾರ್ಮಿನ ಆ ಸಹಿಯ ದಯೆಯಿಂದ ನನ್ನ ಕೆಲಸ ಖಾಯಂ ಆಯಿತು, ನಾಚಿಕೆಗೇಡು. ಜನರಲ್ ಮ್ಯಾನೇಜರ್ ಎರಡು ವರ್ಷದಲ್ಲಿ ಬೇರೆ ಕಡೆ ಹೋದರೂ ಅವರು ಬಿಟ್ಟುಹೋದ ‘ಈ ಹೆಂಗಸು ಹೊಂದಿಕೊಳ್ಳುವುದಿಲ್ಲ’ ಎಂಬ ಮಾತು ಆಫೀಸಿನಲ್ಲೇ ಉಳಿಯಿತು. ಎಂಟು ವರ್ಷ ಮೇಡಂ ಅದೇ ಮೇಜಿನಲ್ಲಿ ಕೂತು, ಗಾಜಿನ ಕೋಣೆಯವರಿಗೆ ಪುನಃ ಪುನಃ ಕೆಲಸ ಕಲಿಸಿದರು. ಒಮ್ಮೆ ನಾನು ತಡೆಯಲಾರದೆ ಕ್ಷಮೆ ಕೇಳಿದೆ. “ನನ್ನ ಹತ್ರ ಕೇಳಿ ಎಂತ ಆಗ್ಲಿಕ್ಕುಂಟು? ಮುಂದಿನ ಸಲ ನೋಡುವ” ಎಂದರು.

ಮುಂದಿನ ಸಲ ಬಂದದ್ದು ಬೀಳ್ಕೊಡುಗೆಯ ದಿನ. ಐದು ಭಾಷಣ ಮುಗಿದ ಮೇಲೆ ಈಗಿನ ಎಂ.ಡಿ., ಧಣಿಗಳ ಮಗ, ಮೈಕಿನ ಎದುರು ಬಂದು ಒಂದು ಸರ್‌ಪ್ರೈಸ್ ಉಂಟು ಎಂದರು. ಬಂಗಾರದ ಅಂಚಿನ ಫೋಲ್ಡರ್ ತೆರೆದು ಓದಿದರು: ಕಂಪೆನಿಯು ಮೇಡಂ ಅವರ ದೀರ್ಘ ಸೇವೆಯನ್ನು ಗೌರವಿಸಿ ಇಂದಿನಿಂದ ಅವರಿಗೆ ಮ್ಯಾನೇಜರ್, ಖರೀದಿ ವಿಭಾಗ, ಎಂದು ಬಡ್ತಿ ನೀಡಿದೆ. ಭಾರೀ ಚಪ್ಪಾಳೆ. ಗೋಡೆಯ ಗಡಿಯಾರದಲ್ಲಿ ನಾಲ್ಕು ಮುಕ್ಕಾಲು. ಐದೂವರೆಗೆ ಅವರ ಸೇವೆ ಮುಗಿಯುವುದಿತ್ತು.

ಅವರು ಎದ್ದು ಹೋಗಿ ಫೋಲ್ಡರ್ ತೆಗೆದುಕೊಂಡರು. ದಾರ ಕಟ್ಟಿದ ಕನ್ನಡಕ ಏರಿಸಿ, ಯಾವುದೇ ಇನ್‌ವಾಯ್ಸ್ ಓದುವ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದರು. ತಾರೀಕು ಎರಡು ಸಲ ನೋಡಿದರು. ಮೈಕು ಅವರ ಕೈಗೆ ಬಂತು. “ನೀವೆಲ್ಲ ಹೇಳಿದ ಆ ಮೃದು ಸ್ವಭಾವ ಎಲ್ಲಿ ಉಂಟು ಅಂತ ನಾನು ಆಗ್ಲಿಂದ ಹುಡುಕ್ತಾ ಇದ್ದೇನೆ” ಎಂದರು. ಜನ ನಕ್ಕರು, ತಮಾಷೆ ಎಂದುಕೊಂಡು. ಅವರು ಮೈಕು ಕೆಳಗಿಟ್ಟು ನನ್ನ ಕಡೆ ನೋಡಿದರು. “ಸೀಲು ತಾ.”

ಅಂದು ಬೆಳಿಗ್ಗೆಯೇ ವಿಭಾಗದ ಸೀಲುಗಳನ್ನೆಲ್ಲ ಅವರು ನನ್ನ ವಶಕ್ಕೆ ಒಪ್ಪಿಸಿದ್ದರು. ಒಟ್ಟು ನಾಲ್ಕಿದ್ದವು. ಯಾವ ಸೀಲು ಎಂದು ನಾನು ಕೇಳಲಿಲ್ಲ. ಓಡಿಹೋಗಿ ತಂದೆ.

ಅವರು ಸಿಹಿತಿಂಡಿಯ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಫೋಲ್ಡರಿನ ಕಾಗದವನ್ನು ಹೊರತೆಗೆದು ಮೇಜಿನ ಮೇಲೆ ಹರಡಿ, ‘ರಿಜೆಕ್ಟೆಡ್’ ಎಂದು ಒತ್ತಿದರು. ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದರು: ಮಾಲು ಅವಧಿ ಮೀರಿ ಬಂದಿದೆ. ಸ್ವೀಕರಿಸಿಲ್ಲ. ಸಹಿ ಹಾಕಿದರು, ತಾರೀಕು ಹಾಕಿದರು. ಎಂ.ಡಿ. “ಮೇಡಂ, ಇದು ಎಂತ...” ಎಂದು ಮೇಜಿನ ಹತ್ತಿರ ಬಂದರು. ಅವರು ಅತ್ತ ನೋಡದೆ ಕಾಗದವನ್ನು ನನ್ನ ಕಡೆ ತಳ್ಳಿದರು.

“ಇಬ್ರದ್ದು ಬೇಕು.”

ಗಾಜಿನ ಕೋಣೆ ಖಾಲಿ ಇದೆ, ಅದಕ್ಕೆ ನನ್ನ ಹೆಸರು ಓಡಾಡುತ್ತಿದೆ ಎಂಬುದು ನನಗೆ ಗೊತ್ತಿತ್ತು. ಎಂ.ಡಿ. ನನ್ನನ್ನೇ ನೋಡುತ್ತಿದ್ದರು. ನಾನು ಪೆನ್ನು ತೆಗೆದುಕೊಂಡು, ಎಂಟು ವರ್ಷದ ಹಿಂದೆ ಹಾಕಬೇಕಿದ್ದ ಜಾಗದಲ್ಲಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಅವರು ಕಾಗದ ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಸಹಿ ಉಂಟು” ಎಂದರು. ಆಮೇಲೆ ನನ್ನನ್ನು ನೋಡಿದರು. “ನೀನೂ ಇದ್ದಿ.”

ಐದೂವರೆಗೆ ಸರಿಯಾಗಿ ಬ್ಯಾಗು ಹೆಗಲಿಗೇರಿಸಿ ಪಡೀಲಿನ ಬಸ್ಸಿಗೆ ಹೋದರು. ಗಾಜಿನ ಕೋಣೆಗೆ ಇನ್ನೂ ಯಾರನ್ನೂ ಕೂರಿಸಿಲ್ಲ. ನನ್ನ ಹೆಸರು ಈಗ ಯಾರೂ ಹೇಳುತ್ತಿಲ್ಲ. ನಾನು ಕೇಳಿದ್ದೇನೆ, ಬರವಣಿಗೆಯಲ್ಲೇ, ನನಗೆ ಆ ಕುರ್ಚಿ ಬೇಕು ಎಂದು. ಬಂದರೆ ಹೊತ್ತಿಗೆ ಸರಿಯಾಗಿ ಬರಲಿ, ತಡವಾದರೆ ಸೀಲು ನನ್ನ ಮೇಜಿನ ಡ್ರಾಯರಿನಲ್ಲಿದೆ.